ಏಳನೆಯ ಪಟ್ಟಿ

ಅಕಿತಾದಲ್ಲಿ ಹಿಮ ಬೀಳುತ್ತಿದೆಯಂತೆ. ನೆಲಮಾಳಿಗೆಗೆ
ಇಳಿಯುವುದು ಫಾರ್ಮಲಿನ್ ವಾಸನೆ ಮಾತ್ರ,
ಜೊತೆಗೆ ಯಾರೋ ಮೇಲಿಂದ ತಂದ ಕಾಫಿ.

ನನ್ನ ಕೆಲಸ ಸಣ್ಣದು.
ನಾಣ್ಯದಗಲ ಜಠರದ ಒಳಪದರ,
ರಬ್ಬರು ಹಲಗೆಯ ಮೇಲೆ ಹರಡಿ ಸುತ್ತ ಗುಂಡುಸೂಜಿ.
ಜಗ್ಗಬಾರದು, ಸುಕ್ಕೂ ಉಳಿಯಬಾರದು,
ಕಡಲಪಾಚಿ ಒಣಹಾಕಿದ ಹಾಗೆ.
ಮರುದಿನ ಎರಡೆರಡು ಮಿಲಿಮೀಟರಿಗೆ ಕೊಯ್ದರೆ
ಒಂಬತ್ತು ಪಟ್ಟಿ. ಗಾಜಿನ ಮೇಲೆ ಹೆಸರಿಲ್ಲ, ಅಂಕಿ.

(ಹೆಸರು ನನಗೆ ಗೊತ್ತು. ತೊಗಾಶಿ ಕಿನು, ಎಪ್ಪತ್ತೊಂದು,
ಹೊಗೆ ಹಾಕಿದ ಮೂಲಂಗಿಯ ಉಪ್ಪಿನಕಾಯಿ ಮಾರುವವರು.
ಫಾರಮಿನ ಅಂಚಲ್ಲಿ ನರ್ಸ್ ಬರೆದಿದ್ದಳು: ತುಂಬ ಮಾತಾಡುತ್ತಾರೆ.)

ಮಂಗಳವಾರ, ಆರೂವರೆ. ಗೋಡೆಯ ಮೇಲೆ
ಡಾಕ್ಟರ್ ಕುರಮೋಚಿ ಒಳಗಿಂದ ತೆಗೆದ ಚಿತ್ರ:
ನೀಲಿ ಚಿಮುಕಿಸಿದ ಗುಲಾಬಿ ಇಳಿಜಾರು,
ನಡುವೆ ಮಾಸಿದ ಒಂದು ಜಾಗ, ಸುತ್ತ ಅವನದೇ ಹಳದಿ ಗೆರೆ.
"ಇಷ್ಟೇ," ಎಂದ.
ಓಯಿಕಾವಾ ಮೇಡಂ ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ
ಅದೇ ಚಿತ್ರದ ಮೇಲೆ ನನ್ನಿಂದ ಕೆಂಪು ಎಳೆಸಿದರು:
ಮೂರರಲ್ಲಿ ಇದೆ. ನಾಲ್ಕು. ಐದು, ಆರು.
ಹಳದಿ ಅಲ್ಲಿಗೆ ಮುಗಿಯಿತು.
"ಏಳರಲ್ಲೂ."

ಮೌನವೇನೂ ಕವಿಯಲಿಲ್ಲ, ಜಗಳವೇ ಆಯಿತು.
ಫಾರ್ಮಲಿನ್‌ಗೆ ಎಲ್ಲ ಕುಗ್ಗುತ್ತದೆ, ಎಂದ.
ಹಲಗೆಗೆ ತಿರುಗಿಸಿ ಚುಚ್ಚಿರಬೇಕು, ಎಂದು ನನ್ನ ಕಡೆ ನೋಡಿದ.
ನಾನು ಬೆರಳಿಟ್ಟು ತೋರಿಸಿದೆ:
ಬಯಾಪ್ಸಿಯ ಕಲೆ ಇಲ್ಲಿ, ಅಲ್ಲೂ ಇಲ್ಲೇ;
ನಾಳ ಕವಲೊಡೆಯುವುದು ಹೀಗೆ, ಅಲ್ಲೂ ಹೀಗೇ.
ಎರಡು ಊರಲ್ಲ ಡಾಕ್ಟರೇ, ಒಂದೇ ಓಣಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಇದು ಅಂಗೈಯಲ್ಲ.
ಮೇಲೆ ಒಳ್ಳೆಯ ಪದರವನ್ನೇ ಹೊದ್ದು
ಅಡಿಯಲ್ಲಿ ಒಂದರ ಕೈ ಒಂದು ಹಿಡಿದು
ಪಕ್ಕಕ್ಕೆ ನಡೆದಿದ್ದವು ಗ್ರಂಥಿಗಳು.
ಕೈಹಿಡಿದ ಬಗೆ, ಎನ್ನುತ್ತಾರೆ ಇಲ್ಲಿ ಅದನ್ನು,
ಶಾಲೆಯ ಮಕ್ಕಳ ಸಾಲಿಗೆ ಹೇಳುವಂತೆ.

"ಗಾಜು ಬಿಡು. ಚಿತ್ರ ಮತ್ತೆ ಹಾಕು," ಎಂದರು ಮೇಡಂ.
ಆರರಿಂದಾಚೆ ಹಿಗ್ಗಿಸಿದ, ಇನ್ನೂ ಹಿಗ್ಗಿಸಿದ.
ಅಲ್ಲಿತ್ತು.
ಉಗುರಿನ ಬುಡದ ಬಿಳುಪಿನಷ್ಟು.
ಕ್ಯಾಮರಾ ಕಂಡಿತ್ತು, ಮೊದಲ ದಿನವೇ.

ಎಂಟರಲ್ಲಿ ಇರಲಿಲ್ಲ. ಒಂಬತ್ತೂ ಸ್ವಚ್ಛ.
ಗೆರೆ ತಪ್ಪಿದರೂ ಕತ್ತಿ ಒಂದಿಷ್ಟು ಆಚೆ ಹೋಗಿತ್ತು;
ಅದು ಜಾಣತನ ಅಂತ ಯಾರೂ ಅನ್ನಲಿಲ್ಲ.

ಹಳದಿಯನ್ನು ಅವನು ಅಳಿಸಲಿಲ್ಲ.
ಕೆಂಪಿಗೂ ಅದಕ್ಕೂ ನಡುವಿನ ಜಾಗ ನೋಡುತ್ತ ಕೂತಿದ್ದ,
ನಾವು ದೀಪ ಹಾಕಿದ ಮೇಲೂ.
ಆಮೇಲೆ, ಯಾರಿಗೋ ಎಂಬಂತೆ:
"ಶುಕ್ರವಾರ ಬರುತ್ತಾರೆ. ನನಗೆ ಮೂಲಂಗಿ ತರುತ್ತಾರಂತೆ."