ಷರಾ

ಆರೂವರೆಗೆ ಹೊರಡಬೇಕಿತ್ತು, ಏಳಾಯಿತು.
ಮಳೆ ಮಾತ್ರ ಹೇಳಿದ ಹೊತ್ತಿಗೆ ಬಂದು ನಿಂತಿತ್ತು
ವಿರಾಜಪೇಟೆಯ ಗಡಿಯಾರ ಕಂಬದ ಕೆಳಗೆ.
ಏಳು ಸೈಕಲ್ಲು, ಏಳು ಬಣ್ಣದ ಪ್ಲಾಸ್ಟಿಕ್ಕು,
ಮುದ್ದಪ್ಪನ ಹೆಲ್ಮೆಟ್ಟಿನ ಮೇಲೆ ಗೊಬ್ಬರದ ಕವರು.

ನಾನು ಕೊನೆಯವಳು. ಸಂಘದ ನಿಯಮ:
ಪಂಕ್ಚರಿನ ಚೀಲ ಯಾರ ಬಳಿಯೋ
ಅವರು ಯಾರನ್ನೂ ಹಿಂದೆ ಹಾಕುವಂತಿಲ್ಲ.
ಹಾಗಾಗಿ ಅಮ್ಮತ್ತಿಯ ತನಕ ನಾನು ಕಂಡ ಕೊಡಗೆಂದರೆ
ದೇಚಮ್ಮ ಟೀಚರ ಹಿಂಚಕ್ರ ಎರಚಿದ ಕೆಸರು,
ಅದರಾಚೆ ಮೆಣಸಿನ ಬಳ್ಳಿ ಹೊದ್ದ ಸಿಲ್ವರ್ ಓಕು,
ಚಕ್ರದಡಿ ಪಟ್ಟೆನ್ನುವ ಹಸಿ ಕಾಫಿಕಾಯಿ.

ಕಕ್ಕಡ ಹದಿನೆಂಟು ಕಳೆದು ಮೂರು ದಿನ.
'ಮದ್ದುಸೊಪ್ಪಿನ ಪಾಯಸ ಇನ್ನೂ ಕಾಲಲ್ಲಿದೆ'
ಎಂದ ಜೋಯಪ್ಪ, ಏರಿನ ಬುಡದಲ್ಲಿ.
ಏರಿನ ನಡುವೆ ಇಳಿದು ತಳ್ಳಿದ.

ಪಾಲಿಬೆಟ್ಟದ ತಿರುವಿನಲ್ಲಿ ಲದ್ದಿ,
ಅಷ್ಟು ಮಳೆಯಲ್ಲೂ ಹಬೆಯಾಡುತ್ತ.
ಯಾರೂ ಬೆಲ್ ಹೊಡೆಯಬೇಡಿ ಎಂದು ರಫೀಕ ಬೆರಳೆತ್ತಿದ;
ಕಿರುಚಿದ್ದು ಅವನದೇ ಬ್ರೇಕು.

ಹೊರಟದ್ದು ಒಬ್ಬ ಕವಿಯ ಮನೆ ನೋಡಲಿಕ್ಕೆ.
ಟೀಚರಿಗೆ ಲೈಬ್ರರಿಯಲ್ಲಿ ಸಿಕ್ಕ ತೆಳ್ಳನೆ ಪುಸ್ತಕ,
ಹಿಂದಿನ ಚೀಟಿಯಲ್ಲಿ ಮೂರೇ ಮುದ್ರೆ.
ಮೂರೂ ಅವರದ್ದೇ.

ಚಾಯದ ಅಂಗಡಿಯಲ್ಲಿ ಕೇಳಿದೆವು:
ಇಲ್ಲೊಬ್ಬರು ರೈಟರ್ ಇದ್ದರಲ್ಲ, ಅವರ ಮನೆ?
ಆಯಿಶುಮ್ಮ ಗ್ಲಾಸು ತೊಳೆಯುತ್ತಲೇ ಗಲ್ಲದಲ್ಲಿ ದಾರಿ ತೋರಿದರು.
'ಗೇಟು ದಾಟಿ, ಕಣ ದಾಟಿ, ತೂಕದ ಶೆಡ್ಡಿನ ಎಡಕ್ಕೆ.
ಇದ್ದರು ಅಂತ ಯಾಕೆ ಹೇಳ್ತೀರಿ? ಈಗಲೂ ಇದ್ದಾರೆ.
ನಿನ್ನೆ ತಾನೆ ಬೀಡಿ ಸಾಲ ತಗೊಂಡು ಹೋದರು.'

ಬಾಗಿಲಲ್ಲಿ ಬನಿಯನ್ನು, ಲುಂಗಿ, ಕಿವಿಯ ಸಂದಿಯಲ್ಲಿ ಪೆನ್ನು.
'ನಾನೇ ರೈಟರ್, ವೇಲಾಯುಧ.'
ತೋಟದಲ್ಲಿ ರೈಟರ್ ಎಂದರೆ ಹಾಜರಿ ಬರೆಯುವವ.
ಮರೆತೇಬಿಟ್ಟಿದ್ದೆವು, ಇಲ್ಲೇ ಹುಟ್ಟಿದ ನಾವು!
ಆದರೂ ಟೀಚರು, ಮರ್ಯಾದೆಗೆ:
'ಏನೇನು ಬರೀತೀರಿ?'
'ಆಳು. ತೂಕ. ಮಳೆ.'

ನೀವು ಕೇಳುವ ಮನೆಯ ಗೋಡೆ
ಒಂದು ಮಳೆಗಾಲ ಕೂತುಬಿಟ್ಟಿತು, ಎಂದ.
ಬೋರ್ಡ್ ಇದೆ, ಬನ್ನಿ.

ಬೋರ್ಡು ಕೋಳಿಗೂಡಿನ ಸೂರಾಗಿತ್ತು.
ಹಳದಿ ತಗಡಿನ ಮೇಲೆ ಬಣ್ಣ ಚಕ್ಕೆಯೆದ್ದು
'ಕವಿ' ಉಳಿದಿತ್ತು; ಹೆಸರಿನ ಕೊನೆಯ 'ಯ್ಯ' ಉಳಿದಿತ್ತು,
ನಮ್ಮ ಜಿಲ್ಲೆಯ ಅರ್ಧ ಗಂಡಸರ ಹೆಸರು.
ಟೀಚರ್ ಕನ್ನಡಕ ಒರೆಸಿದರು, ಮತ್ತೆ ಮಬ್ಬಾಯಿತು.
'ಸೋರೋದಿಲ್ಲ' ಎಂದ ವೇಲಾಯುಧ, 'ಒಳ್ಳೆ ತಗಡು.'

ಪ್ಲಾಸ್ಟಿಕ್ಕಿನಿಂದ ಪುಸ್ತಕ ಬಿಡಿಸಿ
ಅವರು ನಾಲ್ಕು ಸಾಲು ಓದಿದರು, ಕೋಳಿಗಳಿಗೂ ನಮಗೂ.
ತಗಡಿನ ಮೇಲೆ ಮಳೆಯ ಗಲಾಟೆ.
ಮೂರನೆಯ ಸಾಲು ಮಾತ್ರ ನನಗೆ ದಕ್ಕಿತು,
ಅದೂ ಕ್ರಿಯಾಪದ ಬಿಟ್ಟು.

ಎಂಟಕ್ಕೆ ಅಳೆಯಬೇಕಿತ್ತು, ನಿಮ್ಮಿಂದ ತಡವಾಯಿತು ಎನ್ನುತ್ತ
ಅವನು ಮಾಪಕದ ನೀರು ಬಗ್ಗಿಸಿ ರಿಜಿಸ್ಟರು ತೆರೆದ.
ತಾರೀಕು, ಇಂಚು, ಸೆಂಟು, ಷರಾ.
ಷರಾದ ಕಿರಿದಾದ ಕಾಲಮ್ಮಿನಲ್ಲಿ, ಒತ್ತೊತ್ತಾಗಿ:
ಕರೆಂಟಿಲ್ಲ.
ಲೈನಿನ ಹಿಂದೆ ಆನೆ, ಮರಿ ಸಮೇತ.
ಕರೆಂಟಿಲ್ಲ.
ಬೋಜಿಗೆ ಹೆಣ್ಣು ಮಗು.
ಹಲಸಿನ ಮರ ಬಿತ್ತು, ಯಾರ ಮೇಲೂ ಅಲ್ಲ.
ಟೀಚರ್ ಎರಡು ಪುಟ ನಿಂತೇ ಓದಿದರು.
ಮೂರನೆಯದಕ್ಕೆ ಮೆಟ್ಟಿಲ ಮೇಲೆ ಕೂತರು.
ಜಿಗಣೆ ಹತ್ತೀತು ಎಂದೆ. ಕೇಳಿಸಲಿಲ್ಲ.

ಹೊರಡುವಾಗ ಆ ದಿನದ್ದನ್ನು ಬರೆದು ನಮ್ಮತ್ತ ತಿರುಗಿಸಿದ,
ಬೇಕಾದರೆ ನೋಡಿಕೊಳ್ಳಿ ಎಂಬಂತೆ:
ಎರಡು ಇಂಚು ಮೂವತ್ತೈದು ಸೆಂಟು.
ಏಳು ಸೈಕಲ್ ಬಂದವು. ಕೋಳಿ ಬೆದರಿದವು.

ಕೊನೆಯವಳೆಂದು ನನ್ನ ಕೈಗೊಂದು ಮೊಟ್ಟೆ ಕೊಟ್ಟ,
ಇನ್ನೂ ಬೆಚ್ಚಗಿತ್ತು.
ಪಂಕ್ಚರಿನ ಚೀಲದಲ್ಲಿ, ಅಂಟು ಮತ್ತು ರಬ್ಬರಿನ ತುಂಡಿನ ನಡುವೆ,
ಚಿಂದಿ ಬಟ್ಟೆಯಲ್ಲಿ ಸುತ್ತಿ ತಂದೆ.
ಅಮ್ಮತ್ತಿಯ ಅಷ್ಟೂ ಗುಂಡಿಗಳನ್ನು
ಸೀಟಿನಿಂದೆದ್ದು ದಾಟಿದೆ, ಎಲ್ಲರಿಗಿಂತ ಬಹಳ ಹಿಂದೆ.

ಒಡೆಯಲಿಲ್ಲ.
ರಾತ್ರಿ ಬೇಯಿಸಿ ತಿಂದೆ.
ಕರಿಮೆಣಸು ಒಂಚೂರು ಜಾಸ್ತಿಯಾಯಿತು.