ಹನ್ನೊಂದು ಮಾತು

ಅರ್ಜಿಯಲ್ಲಿ ಒಂದು ಸಾಲು: ತಳಿ.
ಫುಲ್ವಿಯೊ ಪೆನ್ನು ಕಚ್ಚುತ್ತಾ ಕೂತ.
"ಕಿವಿ ಬೇಟೆನಾಯಿಯದು, ಎದೆ ಕುರಿನಾಯಿಯದು,
ಕಾಲು ಮಾತ್ರ ಯಾವುದೋ ಮೋಟು ಮನೆತನದ್ದು.
ಬೆರಕೆ ಅಂತ ಬರೀಲಾ?"
ಬರಿ ಅಂದೆ. ಈ ಟ್ರಿಯೆಸ್ತೆಯಲ್ಲಿ
ಬೆರಕೆಯಲ್ಲದವರು ಯಾರು ಮಾರಾಯ,
ನನ್ನ ಮನೆತನದ ಹೆಸರನ್ನೇ
ಅಜ್ಜನ ಕಾಲದ ಸರಕಾರ ಕತ್ತರಿಸಿ ಹೊಲಿದದ್ದು.

ವಯಸ್ಸು? ಹನ್ನೆರಡು, ಹದಿಮೂರು.
ಹಲ್ಲು ಎಣಿಸಿದರೆ ಇನ್ನೂ ಹೆಚ್ಚು.
ಕಣ್ಣಲ್ಲಿ ಗಂಜಿತಿಳಿಯಂಥ ಪೊರೆ.
ಬಾಲ ಎಂದೋ ಮುರಿದು, ಕೂಡಿಕೊಳ್ಳುವಾಗ
ನೆಟ್ಟಗೆ ಕೂಡಿತ್ತು, ಗಾದೆಗೂ ಮಾನ ಕೊಡದೆ.
"ಕಿವುಡು" ಅಂದ ಫುಲ್ವಿಯೊ,
"ಎರಡು ವರ್ಷದಿಂದ ಕರೀತಿದ್ದೀವಿ, ಹತ್ತು ಹೆಸರಿಟ್ಟು."
ಪಕ್ಕದ ಗೂಡಿನ ಮರಿಗಳು
ತಂತಿಬಲೆಗೆ ಮೂತಿಯೊತ್ತಿ ಕುಣಿಯುತ್ತಿದ್ದವು.
ಇವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ,
ರೈಲು ತಪ್ಪಿದವನು
ಮುಂದಿನದರ ವೇಳೆಯನ್ನೂ ಕೇಳದ ಹಾಗೆ.

ಇವನೇ ಯಾಕೆ ಅಂತ ತಂಗಿ ಕೇಳಿದಳು.
ಒಳ್ಳೆಯ ಉತ್ತರ ಹೊಳೆಯಲಿಲ್ಲ.
ಬೇಕರಿಯಲ್ಲಿ ರಾತ್ರಿಪಾಳಿ ನನ್ನದು,
ಹಗಲು ಮಲಗುವ ಜೊತೆಗಾರ ಬೇಕಿತ್ತು, ಅಂದೆ.
ಅದೂ ನಿಜವೇ.

ಮೊದಲ ತಿಂಗಳೆಲ್ಲ ಬಚ್ಚಲ ಬಾಗಿಲ ಹಿಂದೆ.
ನಾನಿದ್ದರೆ ಬಟ್ಟಲು ಮುಟ್ಟ;
ತಿರುಗಿ ಬಂದರೆ ಖಾಲಿ, ನೆಕ್ಕಿದ ಹೊಳಪು.
ಡಾಕ್ಟರು ಮೂತ್ರಪಿಂಡದ ಚಿತ್ರ ಬೆಳಕಿಗೆ ಹಿಡಿದು
ಒಂದು ವರ್ಷ, ಹೆಚ್ಚೆಂದರೆ ಒಂದೂವರೆ, ಅಂದರು,
ಅಂಗಡಿಯವನು ಬಟ್ಟೆ ಅಳೆದು ಹೇಳುವಂತೆ.
ಮೆಟ್ಟಿಲು ನಲವತ್ತೆರಡು. ಎತ್ತಿಕೊಂಡೇ ಏರುತ್ತಿದ್ದೆ.
ಹಿಟ್ಟಿನ ಮೂಟೆಗಿಂತ ಹಗುರ, ಆದರೆ
ಹಿಟ್ಟಿನ ಮೂಟೆ ಹೀಗೆ ನಡುಗುವುದಿಲ್ಲ.

ಫೆಬ್ರುವರಿಯ ಒಂದು ಬೆಳಗು. ಬೋರಾ ಗಾಳಿಗೆ
ಕಿಟಕಿಗಳು ಹಲ್ಲು ಕಟಕಟಿಸುತ್ತಿದ್ದವು.
ಬೇಕರಿಯಿಂದ ತಂದ ರೊಟ್ಟಿ ಕೈ ಜಾರಿ ಬಿತ್ತು.
ನನ್ನ ಬಾಯಿಂದ, ನನಗೇ ತಿಳಿಯದೆ, ಅಜ್ಜಿಯ ಮಾತು:
ಕ್ರುಹ್.
ಬಿದ್ದ ರೊಟ್ಟಿಯನ್ನೆತ್ತಿ ಮುತ್ತಿಟ್ಟು ಅವಳು ಹೇಳುತ್ತಿದ್ದದ್ದು,
ಕಿಟಕಿ ಮುಚ್ಚಿದ ಮೇಲಷ್ಟೇ ಆಡುತ್ತಿದ್ದ ಸ್ಲೊವೇನಿಯನ್.
ಅಮ್ಮ ಅದನ್ನು ನಮ್ಮ ನಾಲಗೆಗೆ ತಾಕಗೊಡಲಿಲ್ಲ.

ಒಂದು ಕಿವಿ ಎದ್ದಿತು.

ಬೇಟೆನಾಯಿಯ ಆ ಕಿವಿ,
ಕಿವುಡೆಂದು ಕಾಗದದ ಮೇಲೆ ಮೊಹರು ಬಿದ್ದಿದ್ದ ಕಿವಿ.
ಉಸಿರು ಬಿಗಿಹಿಡಿದು, ಪ್ರಿದಿ, ಅಂದೆ. ಬಾ.
ಬಂದ.
ಬಚ್ಚಲಿನಿಂದ ಅಡುಗೆಮನೆಗೆ ಏಳು ಹೆಜ್ಜೆ,
ಹಂಚಿನ ಮೇಲೆ ಉಗುರಿನ ಸದ್ದು,
ಗಡಿಯಾಚೆಯ ಯಾವುದೋ ಅಂಗಳದಿಂದ
ಅಷ್ಟೂ ದೂರ ನಡೆದು ಬಂದ ಹಾಗೆ.
ಕಿವುಡಲ್ಲ ಇವನು. ಹತ್ತೂ ಹೆಸರು
ಬೇರೆ ಯಾರವೋ ಆಗಿದ್ದವು, ಅಷ್ಟೆ.

ಈಗ ನನ್ನಲ್ಲಿ ಹನ್ನೊಂದು ಮಾತಿವೆ.
ಬಾ, ರೊಟ್ಟಿ, ನೀರು, ಸುಮ್ಮನಿರು, ಹಿಮ.
ಎರಡು ಅಜ್ಜಿಯ ಬೈಗುಳ, ಅರ್ಥ ಗೊತ್ತಿಲ್ಲ;
ಅವಕ್ಕೂ ಆ ನೆಟ್ಟನೆಯ ಬಾಲ ನೆಲ ಬಡಿಯುತ್ತದೆ.
ಮಂಗಳವಾರ ಮಧ್ಯಾಹ್ನ ನಿದ್ದೆ ಬಿಟ್ಟು
ಗ್ರಂಥಾಲಯದ ಹಿಂಬದಿಯ ತರಗತಿಗೆ ಹೋಗುತ್ತೇನೆ,
ಐವತ್ತೆಂಟರಲ್ಲಿ, ಹುಡುಗರ ನಡುವೆ.
ಯಾಕೆ ಕಲಿಯುತ್ತೀರಿ ಅಂತ ಮೇಡಂ ಕೇಳಿದರೆ
ಒಬ್ಬ ವ್ಯಾಪಾರ ಅಂದ, ಒಬ್ಬಳು ನಾಚಿಕೊಂಡಳು.
ಮನೆಯಲ್ಲಿ ಹಿರಿಯರೊಬ್ಬರಿದ್ದಾರೆ ಅಂದೆ,
ಬೇರೆ ಭಾಷೆ ಬಾರದು ಅವರಿಗೆ.

ಇವತ್ತು ವ್ಯಾಕರಣ. ಒಬ್ಬರಿಗೊಂದು ರೂಪ,
ಹಲವರಿಗೊಂದು. ಇಬ್ಬರೇ ಇದ್ದರೆ
ಅದಕ್ಕಂತಲೇ ಬೇರೆಯದೊಂದು ಇದೆಯಂತೆ.
ದಾರಿಯುದ್ದಕ್ಕೂ ಗಾಳಿಗೆ ಬಾಯ್ತೆರೆದು ಉರು ಹೊಡೆದೆ:
ಮಿದ್ವಾ, ಮಿದ್ವಾ. ನಾವಿಬ್ಬರು.
ಮನೆಗೆ ಬಂದು ಕೋಟು ಕಳಚದೆ ಹೇಳಿದೆ.
ಅವನು ಕೇಳಲಿಲ್ಲ. ನಿದ್ದೆಯಲ್ಲಿ
ಮೋಟುಕಾಲು ಆಡಿಸುತ್ತಾ
ಯಾವುದೋ ಮೊಲದ ಹಿಂದೆ ಓಡುತ್ತಿದ್ದ.