ಇಪ್ಪತ್ತೆಂಟನೆಯ ದಿನ

ಇಪ್ಪತ್ತೊಂದಕ್ಕೇ ಎದ್ದು ಹೋಯಿತು ಕೋಳಿ.
ಅದರ ಲೆಕ್ಕ ತಪ್ಪಲ್ಲ; ಮೊಟ್ಟೆ ಬಾತಿನದು.
ಉಳಿದ ಏಳು ದಿನಕ್ಕೆ ನಾನು,
ಭತ್ತದ ಹೊಟ್ಟು ತುಂಬಿದ ರಟ್ಟಿನ ಪೆಟ್ಟಿಗೆ,
ನಲವತ್ತು ವ್ಯಾಟಿನ ಬಲ್ಬು.

ನಾಪೋಕ್ಲಿನಲ್ಲಿ ಕರೆಂಟು ಹೋದಾಗೆಲ್ಲ
ಬಿಸಿನೀರಿನ ಬಾಟಲಿಗೆ ಕಾಲುಚೀಲ ತೊಡಿಸಿ
ಮೊಟ್ಟೆಗಳ ಮಗ್ಗುಲಿಗೆ ಮಲಗಿಸಿದೆ.
ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರು ಚಿಮುಕಿಸಿದೆ,
ತಾಯಿ ಬಾತು ಕೆರೆಯಿಂದ
ಒದ್ದೆ ಹೊಟ್ಟೆಯಲ್ಲೇ ಬಂದು ಕೂತಂತೆ.

ಇಪ್ಪತ್ತೇಳರ ಸಂಜೆ ಒಂದರಲ್ಲಿ ಸಣ್ಣ ಬಿರುಕು.
ಒಳಗಿಂದ ಕೀಚು.
ಬೆಳಗಾದರೂ ಬಿರುಕು ಅಷ್ಟೇ.

ಚಿಮಟ ಹಿಡಿದು ಕೂತವಳಿಗೆ
ಬೇಲಿಯಾಚೆಯಿಂದ ದೇಚವ್ವ:
"ಕೆಂಪು ಎಳೆ ಕಾಣುತ್ತಾ? ಹಾಗಾದರೆ ಬಿಡು.
ಅದಿನ್ನೂ ರಕ್ತ ಒಳಗೆಳೀತಾ ಇದೆ."

ಬಿಟ್ಟೆ.
ಒಣಗಿದ ಪೊರೆಗೆ ಒದ್ದೆ ಹತ್ತಿ ಒತ್ತಿದೆ, ಅಷ್ಟೇ.

ಮಧ್ಯಾಹ್ನ ಎಳೆ ಬಿಳಚಿತು.
ಒಂದು ಚೂರು ಎತ್ತಿದೆ, ಕಾಳುಮೆಣಸಿನ ಸಿಪ್ಪೆಯಷ್ಟು.
ನಿಂತೆ. ಇನ್ನೊಂದು.
ಕೊಕ್ಕಿನ ತುದಿಯ ಬಿಳಿ ಮುಳ್ಳು ಗಾಳಿ ಕುಟ್ಟಿತು.

ಬಿಡಿಸಿಬಿಡಲು ಕೈ ತುರಿಸುತ್ತಿತ್ತು;
ಎರಡೂ ಕೈ ತೊಡೆಯಡಿ ಹಾಕಿಕೊಂಡು ಕೂತೆ,
ಮೂರನೇ ಕ್ಲಾಸಿನಲ್ಲಿ ಟೀಚರು ಕೂರಿಸಿದ ಹಾಗೆ.

ಮೂರು ಗಂಟೆಗೆ ತಾನೇ ಒದ್ದು ಬಂತು,
ಅಂಟಂಟು, ಕೊಳಕು,
ಚಿಪ್ಪಿನ ಟೋಪಿಯನ್ನು ಬಾಲಕ್ಕೆ ಅಂಟಿಸಿಕೊಂಡು.

"ಅದನ್ನಾದರೂ ತೆಗೀಲಾ?" ಅಂದೆ.
ದೇಚವ್ವ ಮೆಣಸು ಹರಡುತ್ತಿದ್ದಳು,
ತಲೆ ಎತ್ತಲಿಲ್ಲ.